ಕಾಗದದಲ್ಲಿ ಯಾರ ಹೆಸರಿದೆ, ಮೊದಲು ಅದನ್ನು ನೋಡು

 

ಕೆನಡಾಕ್ಕೆ ಹೋಗಲು ಒಬ್ಬ ಒಳ್ಳೆಯ ಇಮಿಗ್ರೇಷನ್ ಲಾಯರ್ ಬೇಕು, ದೊಡ್ಡಬಳ್ಳಾಪುರದಲ್ಲಿ ಸಿಗದಿದ್ದರೆ ದೇವನಹಳ್ಳಿ ಕಡೆಯವರಾದರೂ ಸರಿ, ನಮ್ಮ ಕಡೆಯವರಾದರೆ ಮೋಸ ಇರುವುದಿಲ್ಲ, ಯಾರನ್ನಾದರೂ ಹೇಳಿ ತಾತ ಎಂದು ಕೇಳಿದ್ದೀಯ. ಕತಾರ್‌ಗೆ ಹೊರಟಿರುವ ನಿನ್ನ ಭಾವನಿಗೂ ಒಂದು ಮಾತು ಹೇಳಿ ಎಂದಿದ್ದೀಯ. ಇದು ನಿನ್ನೊಬ್ಬನ ಪ್ರಶ್ನೆಯಲ್ಲ ಕಣಪ್ಪ. ಓಬದೇನಹಳ್ಳಿ, ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಲ್ಲಿ, ಹೊಸಕೋಟೆ, ನೆಲಮಂಗಲದ ಗೋದಾಮುಗಳಲ್ಲಿ ದುಡಿಯುವ ನಿನ್ನ ಓರಗೆಯ ಮಕ್ಕಳು ಇದನ್ನೇ ಕೇಳುತ್ತಾರೆ. ಅವರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನೇರವಾಗಿ ಹೇಳಿಬಿಡುತ್ತೇನೆ. ನಮ್ಮ ತಾಲ್ಲೂಕು ಕೋರ್ಟಿನ ಯಾವ ವಕೀಲರೂ ಬರೀ ಇಲ್ಲಿನ ಸನ್ನದಿನ ಬಲದಿಂದ ಕೆನಡಾ ಸರ್ಕಾರದ ಮುಂದೆ ನಿನ್ನ ಪರವಾಗಿ ನಿಲ್ಲಲಾರರು. ನಾನೂ ನಿಲ್ಲಲಾರೆ. ಕರ್ನಾಟಕ ರಾಜ್ಯ ವಕೀಲರ ಪರಿಷತ್ತು 1961ರ ವಕೀಲರ ಕಾಯ್ದೆಯಡಿ ಕೊಡುವ ಸನ್ನದು ಈ ದೇಶದ ಕೋರ್ಟುಗಳಿಗೆ. ಕೆನಡಾದ ವಲಸೆ ಕಾನೂನಿನ 91ನೇ ಸೆಕ್ಷನ್ ಪ್ರಕಾರ, ಹಣ ಪಡೆದು ಅಲ್ಲಿನ ವಲಸೆ ಸಲಹೆ ಕೊಡುವವರು, ಅರ್ಜಿ ನಡೆಸುವವರು ಅಲ್ಲಿನ ಯಾವುದಾದರೂ ಪ್ರಾಂತ್ಯದ ವಕೀಲರ ಸಂಘದ ಸದಸ್ಯರಾಗಿರಬೇಕು, ಇಲ್ಲವೇ ಕ್ವಿಬೆಕ್‌ನ ನೋಟರಿಯಾಗಿರಬೇಕು, ಅದೂ ಇಲ್ಲವೆಂದರೆ ಅಲ್ಲಿನ ವಲಸೆ ಸಲಹೆಗಾರರ ಕಾಲೇಜಿನ (ಓದಿಸುವ ಕಾಲೇಜಲ್ಲ, ಪರವಾನಗಿ ಕೊಡುವ ಸಂಸ್ಥೆ) ಪರವಾನಗಿ ಪಡೆದಿರಬೇಕು. ಸಲಹೆಗಾರ ಟೊರಾಂಟೊದಲ್ಲಿರಲಿ, ಯಲಹಂಕದಲ್ಲಿರಲಿ, ಈ ನಿಯಮ ಒಂದೇ. ಆದ್ದರಿಂದ ಹತ್ತಿರದವರು, ನಮ್ಮ ಕಡೆಯವರು ಎಂಬುದಕ್ಕಿಂತ ಆ ದೇಶದ ಕಾನೂನಿಗೆ ಉತ್ತರ ಕೊಡಬೇಕಾದವರು ಯಾರು ಎಂಬುದನ್ನು ನೋಡು. ತಪ್ಪಾದರೆ ಯಾರ ಪರವಾನಗಿ ಹೋಗುತ್ತದೆ? ಯಾರದೂ ಹೋಗುವುದಿಲ್ಲ ಎಂದಾದರೆ ಅಲ್ಲಿ ಹಣ ಕಟ್ಟಬೇಡ.

ಇದನ್ನು ಪರೀಕ್ಷಿಸಲು ಹತ್ತು ನಿಮಿಷ ಸಾಕು. ಆ ಕಾಲೇಜಿನ ಸಾರ್ವಜನಿಕ ಪಟ್ಟಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿದೆ. ಪರವಾನಗಿ ಸಂಖ್ಯೆ ಹಾಕಿದರೆ ಹೆಸರು ಬರುತ್ತದೆ, ಪರವಾನಗಿ ಚಾಲ್ತಿಯಲ್ಲಿದೆಯೋ ಅಮಾನತಾಗಿದೆಯೋ ರದ್ದಾಗಿದೆಯೋ ಅದೂ ಬರುತ್ತದೆ. ಅಷ್ಟಕ್ಕೇ ನಿಲ್ಲಬೇಡ. ಬೇರೊಬ್ಬರ ಸಂಖ್ಯೆಯನ್ನು ತಮ್ಮ ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿಕೊಂಡು ಕೂತವರಿದ್ದಾರೆ. ಕಾರ್ಡಿನಲ್ಲಿರುವ ಫೋನ್ ನಂಬರಿಗೆ ಕರೆ ಮಾಡಿದರೆ ಎತ್ತುವವರೂ ಅವರೇ. ಪಟ್ಟಿಯಲ್ಲಿರುವ ನಂಬರಿಗೋ ಇಮೇಲಿಗೋ ಬರೆದು, ಇಂಥ ಊರಿನ ಇಂಥ ಕಚೇರಿ ನಿಮ್ಮದೇ ಹೌದೇ, ನನ್ನ ಅರ್ಜಿ ನೀವೇ ನಡೆಸುತ್ತೀರಾ ಎಂದು ಕೇಳು. ನಿಜವಾದವರು ಈ ಪ್ರಶ್ನೆಗೆ ಬೇಸರ ಪಡುವುದಿಲ್ಲ.

ಇನ್ನೊಂದು ಕಾಗದದ ಮೇಲೂ ಕಣ್ಣಿಡು. ಕೆನಡಾದ ಅರ್ಜಿಯಲ್ಲಿ ಪ್ರತಿನಿಧಿ ಇದ್ದರೆ ಐಎಂಎಂ 5476 ಎಂಬ ಫಾರಂ ಹಾಕಬೇಕು. ಅದರಲ್ಲಿ ಪ್ರತಿನಿಧಿಯ ಹೆಸರು, ಪರವಾನಗಿ ಸಂಖ್ಯೆ, ಸಹಿ ಎಲ್ಲ ಇರುತ್ತವೆ. ಲಕ್ಷಗಟ್ಟಲೆ ಹಣ ಪಡೆದು, ‘ಫಾರಂನಲ್ಲಿ ನಮ್ಮ ಹೆಸರು ಬೇಡ, ನೀವೇ ಹಾಕಿದಂತೆ ಹಾಕೋಣ’ ಎನ್ನುವವರು ಉಂಟು. 2023ರಲ್ಲಿ ಕೆನಡಾಕ್ಕೆ ಓದಲು ಹೋದ ಪಂಜಾಬಿನ ಮಕ್ಕಳ ಗೋಳು ಬೆಳಕಿಗೆ ಬಂತಲ್ಲ, ಅದರ ಬೇರು ಇರುವುದು ಇಲ್ಲೇ. ಜಲಂಧರ್‌ನ ಒಬ್ಬ ಏಜೆಂಟ್ ಕೊಟ್ಟ ಕಾಲೇಜು ಪ್ರವೇಶ ಪತ್ರಗಳು ನಕಲಿ. ಅದು ಗೊತ್ತಾಗುವ ಹೊತ್ತಿಗೆ ಅವರಲ್ಲಿ ಹಲವರು ಓದು ಮುಗಿಸಿ ಕೆಲಸದಲ್ಲಿದ್ದರು. ಅರ್ಜಿಗಳಲ್ಲಿ ಏಜೆಂಟನ ಸಹಿಯೇ ಇಲ್ಲ, ಮಕ್ಕಳೇ ಹಾಕಿಕೊಂಡಂತೆ ದಾಖಲೆ. ದೇಶ ಬಿಡಿ ಎಂಬ ನೋಟಿಸು ಬಂದದ್ದು ಮಕ್ಕಳಿಗೆ. ಆ ವರ್ಷದ ಜೂನ್‌ನಲ್ಲಿ ಕೆನಡಾ ಸರ್ಕಾರ ತಂಡ ರಚಿಸಿ, ನಿಜವಾಗಿ ಮೋಸಹೋದವರನ್ನು ಬೇರ್ಪಡಿಸಿ ನೋಡಲು ಒಪ್ಪುವವರೆಗೆ ಅವರು ಪಟ್ಟ ಪಾಡು ಯಾರಿಗೂ ಬೇಡ. ಸುಳ್ಳು ದಾಖಲೆ ಸಾಬೀತಾದರೆ ಕೆನಡಾದ ಬಾಗಿಲು 5 ವರ್ಷ ಮುಚ್ಚುತ್ತದೆ. ‘ಏಜೆಂಟ್ ಮಾಡಿದ್ದು, ನನಗೆ ಗೊತ್ತಿಲ್ಲ’ ಎಂದರೆ ಸಾಲದು, ಅರ್ಜಿಯ ಕೆಳಗಿನ ಸಹಿ ನಿನ್ನದು. ಅದಕ್ಕೇ ಹೇಳುವುದು, ಆನ್‌ಲೈನ್ ಖಾತೆಯ ಪಾಸ್‌ವರ್ಡ್ ನಿನ್ನ ಕೈಯಲ್ಲಿರಲಿ, ಕಳಿಸುವ ಮುಂಚೆ ಪ್ರತಿ ಪುಟವನ್ನೂ ನೀನೇ ಓದು.

ಕೆನಡಾದಲ್ಲಿ ಕೆಲಸದ ಆಫರ್ ಕೊಡಿಸುತ್ತೇವೆ, ಅದರಿಂದ ಅಂಕ ಹೆಚ್ಚುತ್ತದೆ ಎಂದು ಈಗಲೂ ಮಾರುವವರಿದ್ದಾರೆ. ಅಂಕಗಳ ಲೆಕ್ಕದಲ್ಲಿ ವಲಸಿಗರನ್ನು ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿಯಲ್ಲಿ ಕೆಲಸದ ಆಫರಿಗೆ ಕೊಡುತ್ತಿದ್ದ ಅಂಕಗಳನ್ನು 2025ರ ಮಾರ್ಚ್ 25ರಂದೇ ತೆಗೆದುಹಾಕಿದ್ದಾರೆ. ಇಂಥ ಆಫರುಗಳ ಕಳ್ಳ ವ್ಯಾಪಾರ ನಿಲ್ಲಲಿ ಎಂದೇ ತೆಗೆದದ್ದು.

ನಿಜ ಹೇಳಬೇಕೆಂದರೆ ನಿನಗೆ ಲಾಯರ್ ಬೇಕೇ ಎಂಬುದೇ ನನಗೆ ಅನುಮಾನ. ನೀನು ವಿಟಿಯುನಲ್ಲಿ ಇಂಜಿನಿಯರಿಂಗ್ ಮುಗಿಸಿದವನು, ಇಂಗ್ಲಿಷ್ ಫಾರಂ ಓದಬಲ್ಲೆ. ಎಕ್ಸ್‌ಪ್ರೆಸ್ ಎಂಟ್ರಿಯ ಪ್ರೊಫೈಲ್ ಹಾಕಲು ಶುಲ್ಕವೇ ಇಲ್ಲ. ಹಿಂದೆ ವೀಸಾ ತಿರಸ್ಕಾರವಾಗಿದ್ದರೆ, ಕ್ರಿಮಿನಲ್ ಕೇಸ್ ಇದ್ದರೆ, ವಿಚ್ಛೇದನ, ದತ್ತು, ಹೆಸರಿನ ವ್ಯತ್ಯಾಸದಂಥ ತೊಡಕಿದ್ದರೆ ವಕೀಲರು ಬೇಕು, ಆಗ ಫೀಸಿಗೆ ಹಿಂಜರಿಯಬಾರದು. ತೊಡಕಿಲ್ಲದ ಅರ್ಜಿಗೆ ಒಂದು ಗಂಟೆಯ ಸಲಹೆಯ ಫೀಸು ಕೊಟ್ಟು ದಾರಿ ಸರಿಯೇ ಎಂದು ಕೇಳಿಕೊಂಡರೆ ಸಾಕು. ಆ ಒಂದು ಗಂಟೆಯಲ್ಲಿ ‘ನಿಮ್ಮ ಅಂಕ ಸಾಲದು, ಈಗ ಹಣ ಕಳೆಯಬೇಡಿ’ ಎಂದು ಹೇಳಿದವರು ಸಿಕ್ಕರೆ ಅವರನ್ನು ಬಿಡಬೇಡ. ನೂರಕ್ಕೆ ನೂರು ವೀಸಾ ಗ್ಯಾರಂಟಿ ಎಂದವರ ಕಚೇರಿಯಿಂದ ಎದ್ದು ಬಾ. ಬೇರೆ ದೇಶದ ಅಧಿಕಾರಿ ಬರೆಯಬೇಕಾದ ಆದೇಶಕ್ಕೆ ಇಲ್ಲಿ ಕೂತವರು ಗ್ಯಾರಂಟಿ ಕೊಡುವುದು ಹೇಗೆ?

ನಿನ್ನ ಗೆಳೆಯರು ಬೇರೆ ದೇಶಗಳ ವಿಷಯ ಕೇಳಿದರೆ ಇಷ್ಟು ಹೇಳು. ಅಮೆರಿಕದಲ್ಲಿ ವಲಸೆ ಕಾನೂನು ಕೇಂದ್ರ ಸರ್ಕಾರದ್ದು, ಹಾಗಾಗಿ ಅಲ್ಲಿನ ಯಾವುದೇ ಒಂದು ರಾಜ್ಯದ ಬಾರ್‌ನಲ್ಲಿ ಸನ್ನದು ಇದ್ದರೆ ವಕೀಲರು ವಲಸೆ ಕೇಸು ನಡೆಸಬಹುದು. ಅಲ್ಲಿನ ಎಚ್-1ಬಿ ಉದ್ಯೋಗ ವೀಸಾದ ವಿಷಯದಲ್ಲಿ ಅರ್ಜಿದಾರ ಕಂಪನಿ, ವಕೀಲರನ್ನು ಗೊತ್ತುಮಾಡುವುದೂ ಕಂಪನಿಯೇ. ಅವರು ಪೂರ್ತಿ ನಿಮ್ಮ ಪರ ಎಂದು ಭಾವಿಸಬೇಡಿ. ಆಸ್ಟ್ರೇಲಿಯಾದ ನೋಂದಣಿ ನಿಯಮ ಅಲ್ಲಿನ ನೆಲದಲ್ಲಿರುವ ಏಜೆಂಟರನ್ನು ಕಟ್ಟುತ್ತದೆ, ಬೆಂಗಳೂರಿನಲ್ಲಿ ಕೂತವರು ನೋಂದಾಯಿಸದೆಯೂ ವ್ಯವಹಾರ ನಡೆಸಬಹುದು. ಆದ್ದರಿಂದ ಅಲ್ಲಿಗೆ ಹೋಗುವವರು ನೋಂದಣಿ ಇರುವವರನ್ನೇ ಹುಡುಕುವುದು ಕ್ಷೇಮ.

ಹಾಗಾದರೆ ಊರಿನ ವಕೀಲರು ಯಾತಕ್ಕೆ ಎಂದು ಕೇಳುತ್ತೀಯ. ಇಲ್ಲಿ ಸಹಿ ಹಾಕುವ ಕಾಗದಗಳಿಗೆ ಅವರು ಬೇಕೇ ಬೇಕು. ಒಬ್ಬರು ಒಂದು ಕನ್ಸಲ್ಟೆನ್ಸಿಯ ಕರಾರು ಪತ್ರವನ್ನು ಹಣ ಕಟ್ಟಿ ಆದ ಮೇಲೆ ನನಗೆ ತಂದು ತೋರಿಸಿದರು. ಇ-ಸ್ಟ್ಯಾಂಪ್ ಕಾಗದ, ಪುಟಗಟ್ಟಲೆ ಇಂಗ್ಲಿಷ್. ಬಾಯಲ್ಲಿ ಹೇಳಿದ್ದು ವೀಸಾ ಗ್ಯಾರಂಟಿ. ಕಾಗದದಲ್ಲಿದ್ದದ್ದು, ವೀಸಾ ಸಿಗುವ ಬಗ್ಗೆ ಸಂಸ್ಥೆ ಯಾವ ಭರವಸೆಯನ್ನೂ ಕೊಟ್ಟಿಲ್ಲ, ಕಟ್ಟಿದ ಹಣ ವಾಪಸ್ಸಿಲ್ಲ, ತಕರಾರು ಬಂದರೆ ದೆಹಲಿಯಲ್ಲಿ ಪಂಚಾಯ್ತಿ (ಆರ್ಬಿಟ್ರೇಷನ್). ಸೇವೆ ಎಂದರೆ ಏನೇನು ಎಂಬ ಜಾಗದಲ್ಲಿ ‘ಮಾರ್ಗದರ್ಶನ’ ಎಂಬ ಒಂದೇ ಪದ. ಸಹಿಗೆ ಮುಂಚೆ ಓದಿದ್ದರೆ ಯಾವ ವಕೀಲರಾದರೂ ಅರ್ಧ ಗಂಟೆಯಲ್ಲಿ ತಡೆಯುತ್ತಿದ್ದರು. ಅಂಥ ಷರತ್ತಿದ್ದರೂ ಗ್ರಾಹಕರ ಆಯೋಗಕ್ಕೆ ಹೋಗುವ ಹಕ್ಕು ಉಳಿದಿರುತ್ತದೆ ಎಂಬುದು ಸಮಾಧಾನದ ವಿಷಯ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಪ್ರಕಾರ ನೀನು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ದೆಹಲಿಗೆ ಓಡಬೇಕಿಲ್ಲ. ವಕೀಲರ ಮೇಲೆ ಮಾತ್ರ ಅಲ್ಲಿ ದೂರು ನಡೆಯುವುದಿಲ್ಲ, 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹಾಗೆ ತೀರ್ಪು ಕೊಟ್ಟಿದೆ. ವಕೀಲರು ತಪ್ಪಿದರೆ ದೂರು ವಕೀಲರ ಪರಿಷತ್ತಿಗೆ. ಅದಕ್ಕೇ ವಕೀಲರೆಂದು ಹೇಳಿಕೊಂಡವರ ಎನ್‌ರೋಲ್‌ಮೆಂಟ್ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೋ. ವಕೀಲರು ಜಾಹೀರಾತು ಕೊಡುವಂತಿಲ್ಲ ಎಂಬುದು ನಮ್ಮ ವೃತ್ತಿಯ ನಿಯಮ. ಇನ್‌ಸ್ಟಾಗ್ರಾಮ್‌ನಲ್ಲಿ ವೀಸಾ ಜಾಹೀರಾತು ಹಾಕುವ ‘ಲಾಯರ್’ ಒಂದೋ ನಿಯಮ ಮುರಿದವರು, ಇಲ್ಲ ವಕೀಲರೇ ಅಲ್ಲ.

ಯಾವ ಏಜೆಂಟಿಗೂ ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡಬೇಡ. ನಾಳೆ ಅದರಲ್ಲಿ ಮೊತ್ತ ತುಂಬಿ ಬೌನ್ಸ್ ಮಾಡಿಸಿ ನಿನ್ನ ಮೇಲೇ ಕೇಸು ಹಾಕುತ್ತಾರೆ. ಎಸ್ಸೆಸ್ಸೆಲ್ಸಿ ಮೂಲ ಅಂಕಪಟ್ಟಿಯನ್ನೂ ಪಾಸ್‌ಪೋರ್ಟನ್ನೂ ಯಾರ ಬಳಿಯೂ ಬಿಡಬೇಡ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದಮೇಲೆ ನಮ್ಮ ಕಡೆ ಗುಂಟೆ ಜಮೀನಿಗೂ ಬೆಲೆ ಬಂದಿದೆ, ಪಹಣಿಯಲ್ಲಿ ಹೆಸರಿರುವ ಮನೆಗಳ ಮೇಲೆ ಏಜೆಂಟರಿಗೆ ಕಣ್ಣು. ನಿಮ್ಮ ತಂದೆ ಮಗ್ಗ ನಡೆಸಿ ಉಳಿಸಿಕೊಂಡ ಅರ್ಧ ಎಕರೆಯನ್ನು ವೀಸಾಕ್ಕೆಂದು ಯಾರಿಗೂ ಜಿಪಿಎ (ಅಧಿಕಾರ ಪತ್ರ) ಬರೆದುಕೊಡಬೇಡಿ. ಈ ಒಂದು ವಿಷಯದಲ್ಲಿ ನನ್ನ ಮಾತು ಮೀರಬೇಡ.

ಇನ್ನು ನಿನ್ನ ಭಾವನ ವಿಷಯ. ಅವರು ಎಂಟನೇ ತರಗತಿಗೆ ಓದು ಬಿಟ್ಟವರು, ಅವರದು ಇಸಿಆರ್ ಪಾಸ್‌ಪೋರ್ಟ್. ಕತಾರ್ ಸೇರಿದಂತೆ 18 ದೇಶಗಳಿಗೆ ಅಂಥವರು ಕೆಲಸಕ್ಕೆ ಹೋಗಲು 1983ರ ವಲಸೆ ಕಾಯ್ದೆಯಡಿ ಅನುಮತಿ ಬೇಕು. ಅವರಿಗೆ ಬೇಕಾದದ್ದು ಲಾಯರ್ ಅಲ್ಲ, ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿದ ನೇಮಕಾತಿ ಏಜೆಂಟ್. ಇ-ಮೈಗ್ರೇಟ್ ಜಾಲತಾಣದಲ್ಲಿ ಪರವಾನಗಿ ನೋಡಬಹುದು. ಆ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಅದಕ್ಕೆ ರಸೀದಿ. ಊರೂರಲ್ಲಿ ತಿರುಗುವ ಸಬ್ ಏಜೆಂಟ್‌ಗಳಿಗೆ ಕಾನೂನಿನಲ್ಲಿ ಜಾಗವಿಲ್ಲ. ‘ಮೊದಲು ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಿಸಿಕೊಡುತ್ತೇವೆ’ ಎಂದರೆ ಒಪ್ಪುವುದು ಬೇಡ. ಹಾಗೆ ಹೋದವರಿಗೆ ದಾಖಲಾದ ಉದ್ಯೋಗ ಕರಾರೂ ಇರುವುದಿಲ್ಲ, ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷ ರೂಪಾಯಿ ವಿಮೆಯೂ ಇರುವುದಿಲ್ಲ. ಕಲಬುರಗಿ ಜಿಲ್ಲೆಯ ಹುಡುಗರು ಭದ್ರತಾ ಸಿಬ್ಬಂದಿ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋಗಿ ಯುದ್ಧಭೂಮಿಯಲ್ಲಿ ಸಿಕ್ಕಿಬಿದ್ದು, 2024ರ ಸೆಪ್ಟೆಂಬರ್‌ನಲ್ಲಿ ಊರಿಗೆ ಮರಳಿದ್ದು ನಿನಗೆ ನೆನಪಿರಬಹುದು. ಹಾಗಾಗದಿರಲು ಮೊದಲೇ ವಿಚಾರಿಸಬೇಕು. ರಾಜ್ಯ ಸರ್ಕಾರದ ಕೌಶಲ್ಯಾಭಿವೃದ್ಧಿ ನಿಗಮದಡಿ ಇಂಟರ್‌ನ್ಯಾಷನಲ್ ಮೈಗ್ರೇಷನ್ ಸೆಂಟರ್ ಇದೆ, ಬೆಂಗಳೂರಿನ ಡೇರಿ ಸರ್ಕಲ್ ಹತ್ತಿರ ಕೌಶಲ್ಯ ಭವನದಲ್ಲಿ. ಭಾವನನ್ನು ಮೊದಲು ಅಲ್ಲಿಗೆ ಕರೆದುಕೊಂಡು ಹೋಗು.

ವಕೀಲರ ಫೀಸು ಕೊಡಲಾಗದವರಿಗೂ ದಾರಿಯಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ನಾಲ್ಕೂ ಕಡೆ ಕೋರ್ಟಿನಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ವಕೀಲರ ನೆರವು ಉಚಿತ. 15100ಕ್ಕೆ ಫೋನ್ ಮಾಡಿದರೂ ಸಲಹೆ ಸಿಗುತ್ತದೆ. ಗಲ್ಫ್‌ಗೆ ಹೋಗಿ ಕಷ್ಟಕ್ಕೆ ಸಿಕ್ಕವರ ಮನೆಯವರು ‘ಮದದ್’ ಜಾಲತಾಣದಲ್ಲಿ ದೂರು ಬರೆಯಬಹುದು.

ಯಾವುದಾದರೂ ಏಜೆನ್ಸಿ ನಿನಗೆ ಕರಾರು ಪತ್ರ ಕೊಟ್ಟಿದ್ದರೆ ಅದರ ಪ್ರತಿಯನ್ನು ಮುಂದಿನ ಭಾನುವಾರ ತೆಗೆದುಕೊಂಡು ಬಾ, ಕೂತು ಓದೋಣ. ಭಾವನನ್ನೂ ಅಕ್ಕನನ್ನೂ ಕರೆದುಕೊಂಡು ಬಾ. ಅಲ್ಲಿಯವರೆಗೆ ಎಲ್ಲಿಯೂ ಸಹಿ ಹಾಕಬೇಡ, ಮುಂಗಡವೆಂದು ಒಂದು ರೂಪಾಯಿಯನ್ನೂ ಕಟ್ಟಬೇಡ.

ಇಂತಿ,
ನಿನ್ನ ಹಿತ ಬಯಸುವ ವಕೀಲ್ ತಾತ
ದೊಡ್ಡಬಳ್ಳಾಪುರ