‘ಕರ್ನಾಟಕ’ ಸಿಗದ ಪಿಡಿಎಫ್

‘ಸರ್, ಇದರ ಪಿಡಿಎಫ್ ಇದ್ರೆ ಕಳಿಸ್ತೀರಾ?’ ಕನ್ನಡದಲ್ಲಿ ವಿಜ್ಞಾನ ಲೇಖನ ಬರೆದು ಜಾಲತಾಣಕ್ಕೆ ಹಾಕುವವರಿಗೆ ಓದುಗರಿಂದ ಹೆಚ್ಚಾಗಿ ಬರುವ ಮಾತು ಇದು. ಲೇಖನ ಚೆನ್ನಾಗಿದೆಯೋ ಇಲ್ಲವೋ ಎನ್ನುವುದೆಲ್ಲ ಆಮೇಲೆ. ಕೇಳುವವರಲ್ಲಿ ಬಹುಪಾಲು ಶಾಲಾ ಶಿಕ್ಷಕರು. ತರಗತಿಯಲ್ಲಿ ಸಿಗ್ನಲ್ ನಿಲ್ಲುವುದಿಲ್ಲ, ಮಕ್ಕಳ ಕೈಗೆ ಕೊಡಲು ಜೆರಾಕ್ಸ್ ಬೇಕು, ಸಹೋದ್ಯೋಗಿಗಳ ವಾಟ್ಸ್ಆ್ಯಪ್ ಗುಂಪಿಗೆ ದಾಟಿಸಬೇಕು. ಲಿಂಕ್ ಕಳಿಸಿದರೆ ತೆರೆಯುವವರು ಕಡಿಮೆ. ಫೈಲ್ ಕಳಿಸಿದರೆ ಫೋನಿನಲ್ಲಾದರೂ ಉಳಿದಿರುತ್ತದೆ. ಅಂಥದೊಂದು ಪುಟ್ಟ ತಾಣದ ಸಂಪಾದನೆಗೆ ಕೈಜೋಡಿಸಿರುವ ನನಗೆ, ಲೇಖನ ಬರೆಸುವಾಗ ಕಲಿತದ್ದಕ್ಕಿಂತ ಅದನ್ನು ಫೈಲಾಗಿ ಕೊಡುವಾಗ ಕಲಿತದ್ದೇ ಹೆಚ್ಚು.

ಅಡೋಬಿ ಕಂಪನಿ 1993ರಲ್ಲಿ ಪಿಡಿಎಫ್ ಹೊರತಂದಾಗ ಅದರ ಗುರಿ ಸ್ಪಷ್ಟವಾಗಿತ್ತು: ಯಾವ ಕಂಪ್ಯೂಟರಿನಲ್ಲಿ ತೆರೆದರೂ, ಯಾವ ಪ್ರಿಂಟರಿನಲ್ಲಿ ಅಚ್ಚಾದರೂ ಪುಟ ಒಂದೇ ಥರ ಕಾಣಬೇಕು. 2008ರಲ್ಲಿ ಅದು ಐಎಸ್‌ಒ ಮಾನದಂಡವೂ ಆಯಿತು. ಫಾಂಟು ಫೈಲಿನೊಳಗೇ ಅಡಕವಾಗಿ ಬರುವುದು ಕನ್ನಡಕ್ಕೆ ದೊಡ್ಡ ಉಪಕಾರ. ನುಡಿ ಫಾಂಟಿನಲ್ಲಿ ಬರೆದ ವರ್ಡ್ ಫೈಲನ್ನು ತಾಲ್ಲೂಕು ಕೇಂದ್ರದ ಜೆರಾಕ್ಸ್ ಅಂಗಡಿಗೆ ಒಯ್ದವರಿಗೆಲ್ಲ ಇದು ಗೊತ್ತು. ಅಲ್ಲಿನ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಕೊಂಬು, ಬಾಲ ಹಚ್ಚಿಕೊಂಡ ಇಂಗ್ಲಿಷ್ ಅಕ್ಷರಗಳು ಬಂದು ಕೂರುತ್ತವೆ. ಪಿಡಿಎಫ್‌ನಲ್ಲಿ ಆ ಕಾಟವಿಲ್ಲ.

ಕಾಟ ಬೇರೆಡೆ ಇದೆ. ಒಳ್ಳೆಯ ಅಚ್ಚಿನಂತೆ ಕಾಣುವ ಕನ್ನಡ ಪಿಡಿಎಫ್ ಒಂದನ್ನು ತೆರೆದು ‘ಕರ್ನಾಟಕ’ ಎಂದು ಹುಡುಕಿ ನೋಡಿ. ಪುಟದ ತುಂಬ ಆ ಪದ ಕಣ್ಣಿಗೆ ಕಾಣುತ್ತಿದ್ದರೂ ಎಷ್ಟೋ ಸಲ ‘ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ. ಅದೇ ಪದವನ್ನು ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿದರೆ ‘ಕನಾರ್ಟಕ’ ಎಂದು ಬೀಳುತ್ತದೆ; ‘ಸೂರ್ಯ’ ಹೋಗಿ ‘ಸೂಯರ್’ ಆಗುತ್ತಾನೆ. ಕಾರಣ ಅರ್ಕಾವೊತ್ತು. ಯೂನಿಕೋಡಿನಲ್ಲಿ ‘ರ್ನಾ’ ಎಂಬುದು ರ, ಹಲಂತ, ನ, ದೀರ್ಘ ಎಂಬ ಕ್ರಮದಲ್ಲಿ, ಅಂದರೆ ನಾವು ಉಚ್ಚರಿಸುವ ಕ್ರಮದಲ್ಲಿ ಇರುತ್ತದೆ. ಪುಟದ ಮೇಲೆ ಮಾತ್ರ ಅರ್ಕಾವೊತ್ತು ‘ನಾ’ ಆದ ಮೇಲೆ ಬರುತ್ತದೆ. ಪಿಡಿಎಫ್ ಮುಖ್ಯವಾಗಿ ನೆನಪಿಟ್ಟುಕೊಳ್ಳುವುದು ಯಾವ ಆಕಾರ ಪುಟದ ಯಾವ ಜಾಗದಲ್ಲಿದೆ ಎಂಬುದನ್ನು. ಯಾವ ಆಕಾರ ಯಾವ ಅಕ್ಷರಕ್ಕೆ ಸೇರಿದ್ದು ಎಂಬ ಪಟ್ಟಿಯನ್ನು ಫೈಲಿನೊಳಗೆ ಸೇರಿಸಲು ಅವಕಾಶವಿದ್ದರೂ, ಆಕಾರಗಳ ಸಾಲನ್ನು ಹಿಂದುಮುಂದಾಗಿ ಓದಬೇಕು ಎಂಬ ತಿಳಿವಳಿಕೆ ಆ ಪಟ್ಟಿಗಿಲ್ಲ. ಇಂಗ್ಲಿಷಿನಲ್ಲಿ ಒಂದಾದ ಮೇಲೊಂದು ಅಕ್ಷರ ಕೂರುವುದರಿಂದ ಅಲ್ಲಿನವರಿಗೆ ಈ ತಾಪತ್ರಯ ಅಷ್ಟಾಗಿ ತಟ್ಟುವುದಿಲ್ಲ.

ಇದನ್ನು ಸಣ್ಣ ದೋಷ ಎನ್ನುವವರಿದ್ದಾರೆ. ಕಣ್ಣು ಕಾಣದ ಶಿಕ್ಷಕರೊಬ್ಬರು ಎನ್‌ವಿಡಿಎ ಎಂಬ, ಪರದೆಯ ಪಠ್ಯ ಓದಿ ಹೇಳುವ ತಂತ್ರಾಂಶದ ಮೂಲಕ ಇಂಥ ಫೈಲನ್ನು ಕೇಳಿಸಿಕೊಳ್ಳುವಾಗ ಏನಾಗುತ್ತದೆಂದು ಅವರು ಯೋಚಿಸಿದಂತಿಲ್ಲ. ತಂತ್ರಾಂಶಕ್ಕೆ ಕನ್ನಡ ಓದಲು ಬರುತ್ತದೆ. ಫೈಲಿನಲ್ಲಿರುವುದು ‘ಸೂಯರ್’ ಆದರೆ ಅದು ಹಾಗೆಯೇ ಓದುತ್ತದೆ. ಫೈಲಿನ ಪಠ್ಯವನ್ನೇ ನಂಬಿಕೊಂಡ ಹುಡುಕಾಟಕ್ಕೂ ಸಿಗುವುದು ಅಷ್ಟೇ.

ಪರಿಹಾರ ಬಹುಮಟ್ಟಿಗೆ ಫೈಲು ತಯಾರಾಗುವ ದಾರಿಯಲ್ಲಿದೆ. ಇನ್‌ಡಿಸೈನ್‌ನಲ್ಲಿ ಪುಟ ಕಟ್ಟುವವರು ‘ವರ್ಲ್ಡ್ ರೆಡಿ ಕಂಪೋಸರ್’ ಆಯ್ದುಕೊಳ್ಳದಿದ್ದರೆ ಒತ್ತಕ್ಷರಗಳೇ ಒಡೆದು ಬೀಳುತ್ತವೆ. ಲಿಬ್ರೆ ಆಫೀಸ್ 2017ರ 5.3 ಆವೃತ್ತಿಯಿಂದ ಹಾರ್ಫ್‌ಬಝ್ ಎಂಬ ಅಕ್ಷರ ಜೋಡಿಸುವ ಯಂತ್ರವನ್ನು ಎಲ್ಲ ಕಂಪ್ಯೂಟರುಗಳಲ್ಲೂ ಬಳಸುತ್ತಿದೆ. ಕನ್ನಡಕ್ಕೆ ಅದರಿಂದ ಒಳ್ಳೆಯದೇ ಆಗಿದೆ. ವಿಕಿಪೀಡಿಯದ ಉದಾಹರಣೆಯೂ ಇದೆ. 2017ರಲ್ಲಿ ಅಲ್ಲಿನ ಹಳೆಯ ಪಿಡಿಎಫ್ ಸಾಧನವನ್ನು ಕೈಬಿಟ್ಟು, ಬ್ರೌಸರಿನ ಯಂತ್ರದಿಂದಲೇ ಪುಟವನ್ನು ಪಿಡಿಎಫ್ ಮಾಡಿಸುವ ವ್ಯವಸ್ಥೆ ತಂದರು. ಪರದೆಯ ಮೇಲೆ ಕನ್ನಡವನ್ನು ಸರಿಯಾಗಿ ತೋರಿಸಬಲ್ಲ ಬ್ರೌಸರು ಕಾಗದಕ್ಕೂ ತೋರಿಸೀತು ಎಂಬುದು ಇದರ ಅನುಕೂಲ.

ನಮ್ಮ ಕಡೆಯೂ ಈಗ ಅದೇ ರೂಢಿ. ಲೇಖನವನ್ನು ಬೇರೆ ತಂತ್ರಾಂಶಕ್ಕೆ ಒಯ್ದು ಹೊಸದಾಗಿ ಪುಟ ಕಟ್ಟುವುದಿಲ್ಲ. ಅಚ್ಚಿಗೆಂದು ಪ್ರತ್ಯೇಕ ವಿನ್ಯಾಸ ಬರೆದು, ಮೆನು, ಜಾಹೀರಾತು, ಬಟನ್‌ಗಳನ್ನು ಮರೆಮಾಡಿ, ಬ್ರೌಸರಿನಿಂದಲೇ ಪಿಡಿಎಫ್ ತೆಗೆಯುತ್ತೇವೆ. ಕ್ರೋಮ್ 2020ರಿಂದ ಶೀರ್ಷಿಕೆ, ಪಟ್ಟಿ, ಕೋಷ್ಟಕಗಳ ಗುರುತನ್ನೂ ಪಿಡಿಎಫ್‌ನೊಳಗೆ ಉಳಿಸುತ್ತಿದೆ. ಆದರೂ ಏರಿಸುವ ಮುನ್ನ ‘ಸೂರ್ಯ’, ‘ಪರ್ವತ’, ‘ದ್ಯುತಿಸಂಶ್ಲೇಷಣೆ’ಗಳನ್ನು ಹುಡುಕಿ, ಕಾಪಿ ಮಾಡಿ ನೋಡದೆ ಬಿಡುವುದಿಲ್ಲ. ಫಾಂಟು ಬದಲಾದರೆ ಫಲಿತಾಂಶವೂ ಬದಲಾಗುತ್ತದೆ.

ಹಾಗೆಂದು ಪಿಡಿಎಫ್ ಒಂದೇ ಸಾಕೇ? ಎ4 ಹಾಳೆಯ ಅಗಲ 210 ಮಿಲಿಮೀಟರ್. ಫೋನಿನ ಪರದೆ ಅದರ ಮೂರನೇ ಒಂದು ಭಾಗ. ಪ್ರತಿ ಸಾಲಿಗೂ ಬೆರಳಿನಿಂದ ಹಿಗ್ಗಿಸಿ, ಅತ್ತಿತ್ತ ಸರಿಸಿ ಓದುವ ತಾಳ್ಮೆ ಯಾರಿಗಿದೆ? ಪರದೆಯ ಅಗಲಕ್ಕೆ ಸಾಲು ತಾನೇ ಹೊಂದಿಕೊಳ್ಳುವ ಈಪಬ್ ಮಾದರಿ ಇದಕ್ಕೆಂದೇ ಇದೆ, ವಿಕಿಸೋರ್ಸ್‌ನ ಕನ್ನಡ ಪುಸ್ತಕಗಳು ಅದರಲ್ಲೂ ಸಿಗುತ್ತವೆ. ಆದರೆ ವಾಟ್ಸ್ಆ್ಯಪ್‌ನಲ್ಲಿ ಬಂದ ಈಪಬ್ ಮುಟ್ಟಿದೊಡನೆ ‘ಯಾವುದರಲ್ಲಿ ತೆರೆಯಲಿ?’ ಎಂದು ಫೋನು ಕೇಳುತ್ತದೆ, ಹೆಚ್ಚಿನವರು ಅಲ್ಲಿಗೇ ಕೈಬಿಡುತ್ತಾರೆ. ಇ-ಪುಸ್ತಕ ಓದುವ ಅಭ್ಯಾಸ ಕನ್ನಡಿಗರಲ್ಲಿ ತಡವಾಗಿ ಬೇರೂರಿದ್ದಕ್ಕೆ ಓದುಗರನ್ನಷ್ಟೇ ದೂರುವಂತಿಲ್ಲ. 2016ರ ಡಿಸೆಂಬರಿನಲ್ಲಿ ಕಿಂಡಲ್ ಐದು ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಹೀಗಾಗಿ ಸದ್ಯಕ್ಕೆ ಮಧ್ಯದ ದಾರಿ: ಎ5 ಅಳತೆಯ ಪುಟ, ತುಸು ದೊಡ್ಡ ಅಕ್ಷರ. ಫೋನಿನಲ್ಲೂ ಓದಬಹುದು, ಜೆರಾಕ್ಸ್‌ನವರು ಒಂದು ಹಾಳೆಗೆ ಎರಡು ಪುಟ ಕೂರಿಸಬಹುದು. ಬಣ್ಣದ ನಕ್ಷೆಗಳಿಗೆ ಬಣ್ಣದ ಜತೆ ಗೆರೆಯ ವ್ಯತ್ಯಾಸವೂ ಇರಲೇಬೇಕು. ಕಪ್ಪುಬಿಳುಪಿನಲ್ಲಿ ತಿಳಿಹಸಿರು, ತಿಳಿನೀಲಿ ಒಂದೇ.

ಇನ್ನೊಂದು ತೊಡಕು ಅಕ್ಷರಕ್ಕೆ ಸಂಬಂಧಿಸಿದ್ದಲ್ಲ. ಜಾಲತಾಣದ ಲೇಖನವನ್ನು ಯಾವಾಗ ಬೇಕಾದರೂ ತಿದ್ದಬಹುದು, ಹಂಚಿಹೋದ ಪಿಡಿಎಫ್ ಅನ್ನು ವಾಪಸು ಕರೆಯಲಾಗದು. ಗ್ರಹಗಳ ಉಪಗ್ರಹಗಳನ್ನೇ ನೋಡಿ. 2023ರ ಫೆಬ್ರವರಿಯಲ್ಲಿ ಗುರುವಿನ ಲೆಕ್ಕ 92ಕ್ಕೇರಿ ಶನಿಯನ್ನು ಹಿಂದಿಕ್ಕಿತ್ತು. ಅದೇ ವರ್ಷದ ಮೇ ಹೊತ್ತಿಗೆ ಶನಿ 140 ದಾಟಿತು, 2025ರ ಮಾರ್ಚಿನಲ್ಲಿ ಒಮ್ಮೆಗೇ 128 ಸೇರಿ 274 ಆಯಿತು. ಆ ಫೆಬ್ರವರಿಯ ಫೈಲು ಯಾವುದೋ ಶಾಲೆಯ ರಸಪ್ರಶ್ನೆಗೆ ಇಂದೂ ಆಧಾರವಾಗುತ್ತಿರಬಹುದು. ಆದ್ದರಿಂದ ಪ್ರತಿ ಪುಟದ ಅಡಿಯಲ್ಲೂ ಪರಿಷ್ಕರಿಸಿದ ತಾರೀಕು, ಮೂಲ ಲೇಖನದ ವಿಳಾಸ. ಮೊದಲ ಪುಟದಲ್ಲಿ ಲೇಖಕರ ಹೆಸರು, ಮರುಬಳಕೆಯ ಷರತ್ತು, ಒಂದು ಕ್ಯೂಆರ್ ಕೋಡ್. ಜೆರಾಕ್ಸ್ ಪ್ರತಿಯಿಂದಲೂ ಕ್ಯೂಆರ್ ಕೆಲಸ ಮಾಡುತ್ತದೆ.

ಫೈಲಿನ ಹೆಸರು ಚಿಕ್ಕದಿರಲಿ ಎಂಬುದಕ್ಕೂ ಲೆಕ್ಕವಿದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಏಳು ಚಿಹ್ನೆಗಳ ‘ಕರ್ನಾಟಕ’ ಲಿಂಕಿನಲ್ಲಿ ಶೇಕಡಾ ಗುರುತುಗಳ ಸಮೇತ 63 ಅಕ್ಷರಗಳಷ್ಟು ಉದ್ದವಾಗುತ್ತದೆ.

ಕನ್ನಡದಲ್ಲಿ ಸುತ್ತೋಲೆ, ಕೈಪಿಡಿ, ಪಾಠಗಳನ್ನು ಜಾಲಕ್ಕೆ ಏರಿಸುವ ಇಲಾಖೆ, ಸಂಸ್ಥೆಗಳವರಲ್ಲಿ ಒಂದು ವಿನಂತಿ. ಮೂಲ ಫೈಲು ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಅದನ್ನು ಅಚ್ಚು ತೆಗೆದು, ಸಹಿ, ಮೊಹರು ಹಾಕಿ, ಸ್ಕ್ಯಾನ್ ಮಾಡಿ ಚಿತ್ರವಾಗಿಸಿ ಏರಿಸಬೇಡಿ. ಸಹಿಯ ಪ್ರತಿ ಬೇಕೇ ಬೇಕೆಂದರೆ ಇರಲಿ, ಪಕ್ಕದಲ್ಲೇ ಯೂನಿಕೋಡಿನ ಪ್ರತಿಯನ್ನೂ ಇಡಿ.