ವೃತ್ತಿ ಮತ್ತು ತೃಪ್ತಿ: ವಾಣಿಜ್ಯರಂಗಕ್ಕೆ ಅಡಿಯಿಡುವ ತರುಣರನ್ನು ಕುರಿತು

ನಾವು ಕನ್ನಡದಲ್ಲಿ ನಿತ್ಯವೂ ಬಳಸುವ ‘ಸಂಬಳ’ ಎಂಬ ಮಾತಿನ ಹಿಂದೆ ಸಂಸ್ಕೃತದ ‘ಶಂಬಲ’ ಶಬ್ದವಿದೆ. ಪಯಣಿಗನು ದಾರಿಯಲ್ಲಿ ಉಣ್ಣುವುದಕ್ಕೆಂದು ಕಟ್ಟಿಕೊಂಡು ಹೋಗುವ ಬುತ್ತಿ ಎಂಬುದು ಅದರ ಅರ್ಥ. ಪಾಥೇಯವೆಂಬುದು ಅದಕ್ಕೆ ಸಮಾನವಾದ ಇನ್ನೊಂದು ಪದ. ಬುತ್ತಿಯಿಲ್ಲದೆ ಹೊರಟವನು ನಡುದಾರಿಯಲ್ಲಿ ಬಳಲಿ ಕುಳಿತುಕೊಳ್ಳುತ್ತಾನೆ. ಆದರೆ ಬುತ್ತಿಯನ್ನು ಉಣ್ಣುವುದಕ್ಕಾಗಿಯೇ ಪಯಣ ಹೊರಟವರನ್ನು ಯಾರೂ ಕಂಡಿಲ್ಲ. ಪದವಿಯನ್ನು ಪಡೆದು ವಾಣಿಜ್ಯರಂಗದಲ್ಲಿ ಮೊದಲ ಕೆಲಸವನ್ನು ಅರಸುತ್ತಿರುವ ನಮ್ಮ ತರುಣರ ಸಮಸ್ಯೆಯು ಬಹುಮಟ್ಟಿಗೆ ಈ ಒಂದು ಶಬ್ದದಲ್ಲಿಯೇ ಅಡಗಿದೆಯೆಂದು ನನಗೆ ತೋರುತ್ತದೆ.

ಇನ್ನೂ ಕೆಲವು ಶಬ್ದಗಳನ್ನು ಬಿಡಿಸಿ ನೋಡಬಹುದು. ‘ವೃತ್ತಿ’ಯು ‘ವೃತ್’ ಧಾತುವಿನಿಂದ ಹುಟ್ಟಿದ್ದು. ಇರು, ನಡೆ, ವರ್ತಿಸು ಎಂಬುದು ಧಾತ್ವರ್ಥ. ಆದಕಾರಣವೇ ಜೀವನೋಪಾಯಕ್ಕೂ ನಡವಳಿಕೆಗೂ ಈ ಒಂದೇ ಶಬ್ದವು ಸಲ್ಲುತ್ತದೆ. ‘ಉದ್ಯೋಗ’ವೆಂದರೆ ಮೇಲೆದ್ದು ತೊಡಗುವಿಕೆ, ಪ್ರಯತ್ನ. ಮಹಾಭಾರತದ ಉದ್ಯೋಗಪರ್ವದಲ್ಲಿ ಸೇನಾಪತಿಗಳ ಹೊರತು ಬೇರಾರಿಗೂ ನೇಮಕವಾಗುವುದಿಲ್ಲವೆಂಬುದನ್ನು ವಿದ್ಯಾರ್ಥಿಗಳಿಗೆ ತಮಾಷೆಗಾಗಿ ಹೇಳುವುದುಂಟು. ‘ವ್ಯವಹಾರ’ವು ಕೊಡುಕೊಳ್ಳುವಿಕೆಯನ್ನು ಸೂಚಿಸುವಂತೆಯೇ ಧರ್ಮಶಾಸ್ತ್ರಗಳಲ್ಲಿ ನ್ಯಾಯಸ್ಥಾನದ ವ್ಯಾಜ್ಯವನ್ನೂ ಸೂಚಿಸುತ್ತದೆ, ಕಿರ್ದಿ ಖಾತೆಗಳನ್ನು ಸರಿಯಾಗಿ ಇಡದೆ ಮೊದಲನೆಯ ಅರ್ಥಕ್ಕೆ ಇಳಿದವನು ಎರಡನೆಯ ಅರ್ಥವನ್ನೂ ತಪ್ಪದೆ ಕಾಣುತ್ತಾನೆ. ಇನ್ನು ‘ತೃಪ್ತಿ’ಯಾದರೋ ಉಂಡ ಮೇಲೆ ಆಗುವ ತಣಿವು. ಎಲೆಯ ಮುಂದೆ ಕುಳಿತ ಮಾತ್ರದಿಂದ, ಬಡಿಸಿದ್ದನ್ನು ನೋಡಿದ ಮಾತ್ರದಿಂದ ಅದು ಒದಗುವುದಿಲ್ಲ. ‘ಯಾವ ಕೆಲಸದಲ್ಲಿ ನನಗೆ ತೃಪ್ತಿ ಸಿಗುತ್ತದೆ?’ ಎಂದು ಕೆಲಸ ಹಿಡಿಯುವ ಮೊದಲೇ ನಿರ್ಣಯಿಸಬೇಕೆಂದು ಹಟ ಹಿಡಿಯುವ ತರುಣನು ಶಬ್ದದ ಸ್ವಭಾವಕ್ಕೆ ವಿರುದ್ಧವಾದುದನ್ನೇ ಬೇಡುತ್ತಿದ್ದಾನೆ.

ಹಳಗನ್ನಡ ವ್ಯಾಕರಣ ಛಂದಸ್ಸುಗಳನ್ನು ಪಾಠ ಹೇಳುವ ಪಂಡಿತನಿಗೆ ವ್ಯಾಪಾರದ ಗೊಡವೆ ಏಕೆಂದು ಕೆಲವರಾದರೂ ಕೇಳಿಯಾರು. ನಮ್ಮ ಶಾಲೆಯಲ್ಲಿ ಕಲಿತು, ಮುಂದೆ ವಾಣಿಜ್ಯ ಪದವಿಯನ್ನು ಪಡೆದವರು ಜಾತ್ರೆಯ ದಿನಗಳಲ್ಲಿ ಮಠಕ್ಕೆ ಬಂದಾಗ ಹಳೆಯ ಮೇಷ್ಟ್ರನ್ನು ಮಾತನಾಡಿಸಿ ಹೋಗುತ್ತಾರೆ. ಮೊದಲೆಲ್ಲ ‘ಕೆಲಸ ಸಿಕ್ಕಿತೇ?’ ಎಂಬುದೊಂದೇ ನಮ್ಮ ಪ್ರಶ್ನೆಯಾಗಿರುತ್ತಿತ್ತು. ಈಗ ಕೆಲಸ ಸಿಕ್ಕವರೇ ಬಾಡಿದ ಮುಖ ಹೊತ್ತು ಬರುತ್ತಾರೆ. ಎರಡು ವರ್ಷಗಳಲ್ಲಿ ಮೂರು ಕಡೆ ಕೆಲಸ ಬಿಟ್ಟವರಿದ್ದಾರೆ. ಮನಸ್ಸಿಲ್ಲದ ಕೆಲಸದಲ್ಲಿ, ತಂದೆ ಮಾಡಿದ ಸಾಲಕ್ಕಾಗಿ ಹಲ್ಲು ಕಚ್ಚಿಕೊಂಡಿರುವವರೂ ಇದ್ದಾರೆ. ಇಬ್ಬರ ಸಂಕಟವೂ ನಿಜವಾದುದೇ. ಇಪ್ಪತ್ತೆರಡು ವರ್ಷದ ಹುಡುಗನಿಗೆ ಇದು ಚಿಕ್ಕ ವಿಷಯವಲ್ಲ. ಮುಂದಿನ ಮೂವತ್ತೈದು ವರ್ಷಗಳ ಹಗಲುಗಳು ಇದರ ಮೇಲೆ ನಿಂತಿವೆ.

ಈ ವಿಷಯವನ್ನು ಪಾಶ್ಚಾತ್ಯ ವಿದ್ವಾಂಸರು ಸಾಕಷ್ಟು ಶೋಧಿಸಿದ್ದಾರೆ. ಅಮೆರಿಕದ ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಸಂಗಡಿಗರೊಡನೆ ಪಿಟ್ಸ್‌ಬರ್ಗ್ ಪ್ರದೇಶದ ಸುಮಾರು 200 ಮಂದಿ ಎಂಜಿನಿಯರುಗಳನ್ನೂ ಲೆಕ್ಕಪತ್ರಜ್ಞರನ್ನೂ ವಿಚಾರಿಸಿ, 1959ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಅವರ ಪ್ರಶ್ನೆ ಸರಳವಾದುದು: ನಿಮ್ಮ ಕೆಲಸದಲ್ಲಿ ಅತ್ಯಂತ ಹರ್ಷವಾದ ಸಂದರ್ಭವನ್ನು ಹೇಳಿ, ಅತ್ಯಂತ ಬೇಸರವಾದ ಸಂದರ್ಭವನ್ನೂ ಹೇಳಿ. ಹರ್ಷದ ಕಥೆಗಳಲ್ಲಿ ಮೇಲಿಂದ ಮೇಲೆ ಬಂದವು ಸಾಧನೆ, ಮನ್ನಣೆ, ಕೆಲಸದ ಸ್ವಾರಸ್ಯ, ಹೊಣೆಗಾರಿಕೆ, ಬೆಳವಣಿಗೆ. ಬೇಸರದ ಕಥೆಗಳಲ್ಲಿ ಬಂದವು ಸಂಸ್ಥೆಯ ನೀತಿನಿಯಮಗಳ ಗೊಂದಲ, ಮೇಲಧಿಕಾರಿಯ ಕಿರುಕುಳ, ಸಂಬಳ, ಸ್ಥಳದ ಅನನುಕೂಲ. ಬೇಸರದ ಕಾರಣಗಳನ್ನು ನಿವಾರಿಸಿದರೆ ಬೇಸರ ಹೋದೀತು, ಆದರೆ ಅಷ್ಟರಿಂದಲೇ ತೃಪ್ತಿ ಬಾರದು. ತೃಪ್ತಿಯ ವಿರುದ್ಧಪದ ಅತೃಪ್ತಿಯಲ್ಲ, ತೃಪ್ತಿಯ ಅಭಾವ ಮಾತ್ರ ಎಂಬುದು ಅವರ ಸಿದ್ಧಾಂತ. ನಮ್ಮ ನೈಯಾಯಿಕರು ಮೆಚ್ಚಬಹುದಾದ ವಿವೇಚನೆಯಿದು. ಇದಕ್ಕೆ ಆಕ್ಷೇಪಗಳೂ ಬಂದಿವೆ. ಮನುಷ್ಯನು ಗೆಲುವಿನ ಕಥೆ ಹೇಳುವಾಗ ತನ್ನನ್ನು ಮುಂದಿಟ್ಟುಕೊಳ್ಳುತ್ತಾನೆ, ಸೋಲಿನ ಕಥೆಯಲ್ಲಿ ಇತರರನ್ನು ದೂರುತ್ತಾನೆ. ಆದ್ದರಿಂದ ಆ ವಿಂಗಡಣೆಯನ್ನು ಪೂರ್ತಿಯಾಗಿ ನಂಬಲಾಗದೆಂದು ವಿಮರ್ಶಕರು ಹೇಳಿದರು. ಆ ಮಾತಿನಲ್ಲಿಯೂ ಹುರುಳಿದೆ. ಆದರೂ ನನ್ನ ಬಳಿಗೆ ಬರುವ ಹುಡುಗರ ಮಾತನ್ನು ಕೇಳುವಾಗ ಈ ಎರಡು ಪಟ್ಟಿಗಳು ನನಗೆ ನೆನಪಾಗುತ್ತವೆ. ‘ಸಂಬಳ ಹೆಚ್ಚೆಂದು ಹೋದೆ, ಬಿಟ್ಟೆ’ ಎನ್ನುವವನು ಒಂದು ಪಟ್ಟಿಯ ವಸ್ತುವನ್ನು ಇನ್ನೊಂದು ಪಟ್ಟಿಯಲ್ಲಿ ಹುಡುಕಿರುತ್ತಾನೆ.

ಇದಕ್ಕಿಂತ ಸೋಜಿಗವಾದುದು 1997ರಲ್ಲಿ ಏಮಿ ರೆಸ್ನೆವ್‌ಸ್ಕಿ ಎಂಬ ವಿದುಷಿಯೂ ಅವರ ಸಹೋದ್ಯೋಗಿಗಳೂ ಪ್ರಕಟಿಸಿದ ಅಧ್ಯಯನ. 196 ಮಂದಿ ಕೆಲಸಗಾರರನ್ನು ವಿಚಾರಿಸಿ, ಅವರು ತಮ್ಮ ಕೆಲಸವನ್ನು ಬರಿಯ ಹೊಟ್ಟೆಪಾಡೆಂದು ಭಾವಿಸುತ್ತಾರೋ, ಮೇಲೇರುವ ಮೆಟ್ಟಿಲೆಂದೋ, ಅಥವಾ ಬಾಳಿನ ಕರೆಯೆಂದೋ ಎಂಬುದನ್ನು ವಿಂಗಡಿಸಿದರು. ಜನರು ಹೆಚ್ಚುಕಡಿಮೆ ಮೂರು ಸಮಪಾಲಾದರು. ಅವರಲ್ಲಿ 24 ಮಂದಿ ಒಂದೇ ಬಗೆಯ ಗುಮಾಸ್ತೆಯ ಕೆಲಸದಲ್ಲಿದ್ದವರು. ಅವರೂ ಹಾಗೆಯೇ ಮೂರು ಪಾಲಾದರು! ಹುದ್ದೆ ಒಂದೇ, ಮೇಜೂ ಹೆಚ್ಚುಕಡಿಮೆ ಒಂದೇ. ಕೆಲಸ ಮಾತ್ರ ಮೂರು ತೆರ.

ಇದು ನಮಗೆ ಹೊಸದೆನಿಸಲಾರದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನುಲಿಯ ಚಂದಯ್ಯನು ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುತ್ತಿದ್ದನು, ಅಂಬಿಗರ ಚೌಡಯ್ಯನು ದೋಣಿ ನಡೆಸುತ್ತಿದ್ದನು, ಆಯ್ದಕ್ಕಿ ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುತ್ತಿದ್ದನು. ಸ್ವತಃ ಬಸವಣ್ಣನವರು ಕರಣಿಕರಾಗಿ, ಎಂದರೆ ಲೆಕ್ಕ ಬರೆಯುವವರಾಗಿ ಸೇರಿ ಬಿಜ್ಜಳನ ಭಂಡಾರಿಯ ಪದವಿಗೆ ಏರಿದರೆಂಬುದು ಪರಂಪರೆಯ ಮಾತು. ವಾಣಿಜ್ಯದ ವಿದ್ಯಾರ್ಥಿಗಳು ಇದನ್ನು ನೆನೆಯುವುದು ಉಚಿತ. ಕಾಯಕವೆಂದರೆ ಹುಟ್ಟಿನಿಂದ ಬಂದ ಕಸುಬಿಗೆ ತಲೆಬಾಗುವುದು ಎಂದು ಕೆಲವರು ಬಗೆದಿರುವುದು ಸರಿಯಲ್ಲ. ಮೋಳಿಗೆ ಮಾರಯ್ಯನು ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದು ಸೌದೆ ಮಾರುವ ಕಾಯಕವನ್ನು ಆರಿಸಿಕೊಂಡನೆಂದು ಕಥೆಯಿದೆ. ಆಯ್ಕೆಯೂ ಅಲ್ಲಿತ್ತು. ಮಿತಿಯೂ ಇತ್ತು: ಒಂದು ದಿನ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಮಡದಿ ಲಕ್ಕಮ್ಮನು ಹೆಚ್ಚಾದುದನ್ನು ಮರಳಿ ಅಲ್ಲಿಯೇ ಚೆಲ್ಲಿ ಬರುವಂತೆ ಹೇಳಿದ ಪ್ರಸಂಗವನ್ನು ನಮ್ಮ ಮಕ್ಕಳೂ ಬಲ್ಲರು.

ಆದರೆ ಶರಣರ ಉದಾಹರಣೆ ಕೊಟ್ಟೊಡನೆ ‘ಅದು ಆ ಕಾಲ, ಈಗ ಹಾಗಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅಂಥವರಿಗಾಗಿ ನಮ್ಮ ಕಾಲದ್ದೇ ಒಂದು ಚರಿತ್ರೆಯನ್ನು ಹೇಳುವೆನು. ಕೋಯಿಕ್ಕೋಡಿನಲ್ಲಿ 1921ರಲ್ಲಿ ಜನಿಸಿದ ವರ್ಗೀಸ್ ಕುರಿಯನ್ ಎಂಜಿನಿಯರಿಂಗ್ ಓದಿ, ಸರ್ಕಾರದ ವಿದ್ಯಾರ್ಥಿವೇತನದಿಂದ ಅಮೆರಿಕಕ್ಕೆ ಹೋದರು. ಕ್ಷೀರೋದ್ಯಮದಲ್ಲಿ ಅವರಿಗೆ ಆಸಕ್ತಿಯೇನೂ ಇರಲಿಲ್ಲ. ವೇತನವು ಆ ವಿಷಯಕ್ಕೆ ದೊರೆತಿತ್ತು, ಅಷ್ಟೆ. ಮರಳಿದ ಮೇಲೆ ಕರಾರಿನ ಪ್ರಕಾರ 1949ರ ಮೇ ತಿಂಗಳಲ್ಲಿ ಗುಜರಾತಿನ ಆಣಂದ ಎಂಬ ಸಣ್ಣ ಊರಿನ ಸರ್ಕಾರಿ ಕೆನೆಮನೆಗೆ ಅವರನ್ನು ಕಳುಹಿಸಲಾಯಿತು. ಅಲ್ಲಿ ಮಾಡಲು ಕೆಲಸವೇ ಹೆಚ್ಚಿಲ್ಲ. ಬಿಡುಗಡೆ ಮಾಡಿರೆಂದು ಮತ್ತೆ ಮತ್ತೆ ಬರೆದುಕೊಂಡರು. ಪಕ್ಕದಲ್ಲಿ 1946ರಲ್ಲಿ ಸ್ಥಾಪನೆಗೊಂಡ ಖೇಡಾ ಜಿಲ್ಲೆಯ ಹಾಲು ಉತ್ಪಾದಕರ ಸಹಕಾರ ಸಂಘವು ಹಳೆಯ ಯಂತ್ರಗಳೊಡನೆ ಹೆಣಗುತ್ತಿತ್ತು. ಹೊತ್ತು ಕಳೆಯದ ಕುರಿಯನ್ ಆ ಯಂತ್ರಗಳನ್ನು ರಿಪೇರಿ ಮಾಡಿಕೊಡುತ್ತಿದ್ದರು. ಕೊನೆಗೆ ಬಿಡುಗಡೆಯ ಆದೇಶ ಕೈಸೇರಿ ಊರು ಬಿಡುವ ಹೊತ್ತಿಗೆ, ಸಂಘದ ಅಧ್ಯಕ್ಷರಾದ ತ್ರಿಭುವನದಾಸ ಪಟೇಲರು ಹೊಸ ಯಂತ್ರಗಳನ್ನು ಕೂರಿಸುವವರೆಗಾದರೂ ಇರಬೇಕೆಂದು ಕೇಳಿಕೊಂಡರು. ಇದ್ದರು, ಬಾಳಿನ ಕೊನೆಯವರೆಗೂ, ಎಂದರೆ 2012ರವರೆಗೂ, ಆಣಂದವೇ ಅವರ ಊರಾಯಿತು. ಎಮ್ಮೆಯ ಹಾಲಿನಿಂದ ಹಾಲಿನ ಪುಡಿ ತಯಾರಿಸುವುದು, 1965ರಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಲಿ, 1970ರಲ್ಲಿ ಕ್ಷೀರಕ್ರಾಂತಿ ಎಲ್ಲವೂ ಆ ಬೇಡದ ಊರಿನಿಂದಲೇ ಹೊರಟವು. ನಮ್ಮ ಕರ್ನಾಟಕದಲ್ಲಿ 1974ರಲ್ಲಿ ಆರಂಭವಾಗಿ ಇಂದು ‘ನಂದಿನಿ’ಯೆಂದು ಮನೆಮನೆಗೂ ಪರಿಚಿತವಾದ ವ್ಯವಸ್ಥೆಯೂ ಆ ಆಣಂದದ ಮಾದರಿಯದೇ.

ಈ ಚರಿತ್ರೆಯಲ್ಲಿ ಗಮನಿಸಬೇಕಾದದ್ದು ಒಂದು. ಕುರಿಯನ್ನರಿಗೆ ಸರ್ಕಾರಿ ಕೆನೆಮನೆಯಲ್ಲಿ ತೃಪ್ತಿ ದೊರೆಯಲಿಲ್ಲ. ಅದೇ ಊರಿನಲ್ಲಿ, ಅದೇ ಹಾಲಿನ ಕೆಲಸದಲ್ಲಿ, ಸಂಘದ ಕೊಟ್ಟಿಗೆಯಲ್ಲಿ ದೊರೆಯಿತು. ಅಲ್ಲಿ ಅವರ ವಿದ್ಯೆ ಬೇಕಾಗಿತ್ತು, ಫಲ ಕಣ್ಣಿಗೆ ಕಾಣುತ್ತಿತ್ತು, ಹಾಲು ತಂದ ರೈತನ ಕೈಗೆ ದುಡ್ಡು ಸೇರುವುದನ್ನು ತಾವೇ ನೋಡುತ್ತಿದ್ದರು. ಆದ್ದರಿಂದ ‘ಯಾವ ಉದ್ಯಮ?’ ಎಂದು ಕೇಳುವುದಕ್ಕಿಂತ ‘ಆ ಮನೆಯಲ್ಲಿ ನನ್ನ ಪಾಲಿಗೆ ಬರುವ ಕೆಲಸ ಎಂಥದು?’ ಎಂದು ಕೇಳುವುದು ಮೇಲು.

ಇದನ್ನು ನಮ್ಮ ನೆಲದ ಒಂದು ಪೇಟೆಯಿಂದಲೇ ವಿವರಿಸಬಹುದು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ನೋಡದ ಓದುಗರು ವಿರಳ. ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದ ಪದವೀಧರನು ‘ಇದಕ್ಕಾಗಿ ಓದಿದೆನೇ?’ ಎಂದು ಮರುಗುವುದು ಸಹಜ. ಆದರೆ ಅವನು ತಲೆಯೆತ್ತಿ ನೋಡಿದರೆ ಕಾಣುವುದೇನು? ರೈತನ ಚೀಲಗಳು ಬರುತ್ತವೆ, ಲಾಟು ಹಾಕುತ್ತಾರೆ, ಖರೀದಿದಾರರು ಕಾಯಿಯನ್ನು ಮುರಿದು, ಬಣ್ಣ ನೋಡಿ, ತೇವವನ್ನು ಕೈಯಿಂದಲೇ ಅಂದಾಜು ಮಾಡಿ ಟೆಂಡರಿನಲ್ಲಿ ದರ ಕಾಣಿಸುತ್ತಾರೆ. ತೂಕ, ಹಮಾಲಿ, ಪಟ್ಟಿ, ಪಾವತಿ ಎಲ್ಲವೂ ನಡೆಯುತ್ತದೆ. ಡಬ್ಬಿಗೂ ಕಡ್ಡಿಗೂ ದರದಲ್ಲಿ ಅಂತರವೇಕೆ? ಖಾರ ಕಡಿಮೆಯಿದ್ದರೂ ಈ ಕಾಯಿಗೆ ಬೇಡಿಕೆಯೇಕೆ? ಅದರ ಕೆಂಪು ಬಣ್ಣವನ್ನು ತೈಲರಾಳವಾಗಿ ತೆಗೆದು ದೂರದೇಶಗಳಿಗೆ ಕಳುಹಿಸುತ್ತಾರೆ. ಆ ಬಣ್ಣ ಮಾಸದಿರಲೆಂದೇ ಊರ ಸುತ್ತ ಶೀತಲಗೃಹಗಳು ಎದ್ದಿವೆ. 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಬಂದಿದೆ. ಒಂದು ಸುಗ್ಗಿಯನ್ನು ಕಣ್ಣು ತೆರೆದು ಅಲ್ಲಿ ಕಳೆದವನಿಗೆ ವ್ಯಾಪಾರವು ಆದಿಯಿಂದ ಅಂತ್ಯದವರೆಗೆ ಕಂಡಿರುತ್ತದೆ. ಮಹಾನಗರದ ದೊಡ್ಡ ಸಂಸ್ಥೆಯಲ್ಲಿ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು, ಯಾವುದೋ ಬಿಲ್ಲಿನ ಯಾವುದೋ ಒಂದು ಅಂಕಣವನ್ನು ಮಾತ್ರ ದಿನವಿಡೀ ತಾಳೆ ನೋಡುವವನಿಗೆ ಆ ಬಿಲ್ಲು ಎಲ್ಲಿಂದ ಬಂದಿತು, ಎಲ್ಲಿಗೆ ಹೋಯಿತೆಂಬುದೇ ತಿಳಿಯದೆ ಇರಬಹುದು. ಸಂಬಳ ಅಲ್ಲಿ ಹೆಚ್ಚೆಂಬುದನ್ನು ಒಪ್ಪುತ್ತೇನೆ. ದೊಡ್ಡ ಸಂಸ್ಥೆಗಳಲ್ಲಿ ಶಿಸ್ತು ಕಲಿಯುವ ಅವಕಾಶವಿದೆಯೆಂಬುದನ್ನೂ ಒಪ್ಪುತ್ತೇನೆ. ಆದರೂ ಮೊದಲ ಮೂರು ವರ್ಷ ಎಲ್ಲಿ ಕಲಿಕೆ ಹೆಚ್ಚೋ ಅಲ್ಲಿರುವುದು ಲೇಸೆಂಬುದೇ ನನ್ನ ಅಭಿಪ್ರಾಯ. ಲೆಕ್ಕಪರಿಶೋಧಕರಾಗ ಬಯಸುವವರಿಗೆ ವಿಧಿಸಿರುವ ಪ್ರಾಯೋಗಿಕ ತರಬೇತಿಯ ತಿರುಳೂ ಇದೇ. ಗುರುವಿನ ಬಳಿ ಕುಳಿತು ನಿಜವಾದ ಪುಸ್ತಕಗಳನ್ನು ನೋಡದೆ ಆ ವಿದ್ಯೆ ಬಾರದು.

ಹಾಗೆಂದು ಎಲ್ಲಿಯೂ ಬಿಡಬಾರದೆಂದಲ್ಲ. ಗದಗಿನ ವಿಜಯ ಸಂಕೇಶ್ವರರು ಮುದ್ರಣ ಪ್ರಕಾಶನಗಳ ಮನೆತನದವರು. ಆ ಹಾದಿ ಸಿದ್ಧವಾಗಿಯೇ ಇತ್ತು. 1976ರಲ್ಲಿ ಒಂದು ಲಾರಿಯನ್ನು ಕೊಂಡು ಸರಕು ಸಾಗಣೆಗೆ ಇಳಿದರು. ಆ ಒಂದು ಲಾರಿ ಸಾವಿರಾರು ವಾಹನಗಳಾದುದನ್ನು ನಾಡು ಕಂಡಿದೆ. ಕುರಿಯನ್ ಇದ್ದಲ್ಲಿಯೇ ಉಳಿದರು, ಇವರು ಇದ್ದುದನ್ನು ಬಿಟ್ಟು ಹೊರಟರು. ಇವೆರಡರಲ್ಲಿ ಯಾವುದು ಸರಿಯೆಂದು ತೂಗುವುದು ವ್ಯರ್ಥ. ಆದರೆ ಬೇಸರದಿಂದ ಓಡುವುದೂ ಗುರಿಯತ್ತ ಹೊರಡುವುದೂ ಬೇರೆ ಬೇರೆ. ಬಿಡಬೇಕೆನ್ನುವ ಹುಡುಗನನ್ನು ನಾನು ‘ಇಲ್ಲಿ ಕಲಿಯುವುದು ಮುಗಿಯಿತೇ, ಕಲಿಸುವವರೇ ಇಲ್ಲವೇ, ಅಥವಾ ತಪ್ಪು ಲೆಕ್ಕ ಬರೆಯೆಂದು ಒತ್ತಾಯಿಸುತ್ತಿದ್ದಾರೆಯೇ?’ ಎಂದು ಕೇಳುತ್ತೇನೆ. ಕೊನೆಯದಕ್ಕೆ ‘ಹೌದು’ ಎಂದರೆ ಆ ದಿನವೇ ಬಿಡು ಎನ್ನುತ್ತೇನೆ. ಉಳಿದ ಎರಡಕ್ಕೆ ಅವಸರವಿಲ್ಲ.

ಈ ಸಂಪುಟವನ್ನು ಓದುವ ಮಹನೀಯರಲ್ಲಿ ವ್ಯಾಪಾರಸ್ಥರೂ ಕಾರ್ಖಾನೆಗಳ ಒಡೆಯರೂ ಅನೇಕರಿದ್ದಾರೆ. ಅವರ ಔದಾರ್ಯದಿಂದಲೇ ನಮ್ಮ ಪ್ರಸಾದನಿಲಯ ನಡೆದಿದೆ. ಅವರಲ್ಲಿ ಸವಿನಯವಾಗಿ ಒಂದು ಮಾತು. ಕಾಯಕವನ್ನು ಕುರಿತ ಮಾರಯ್ಯನ ಪ್ರಸಿದ್ಧವಾದ ಮಾತನ್ನು ಅಂಗಡಿಯ ಗೋಡೆಯ ಮೇಲೆ ಬರೆಸುವುದು ಚೆಲುವಾದ ಪದ್ಧತಿಯೇ. ಆದರೆ ಶರಣರು ಆ ತತ್ತ್ವವನ್ನು ತಮಗೆ ತಾವು ವಿಧಿಸಿಕೊಂಡರು. ಇನ್ನೊಬ್ಬನ ಕೂಲಿಯನ್ನು ತಗ್ಗಿಸುವುದಕ್ಕೆ ಬಳಸಲಿಲ್ಲ. ಆ ಫಲಕದ ಕೆಳಗೆ ಕುಳಿತ ಹುಡುಗನಿಗೆ ತಿಂಗಳು ಕಳೆದರೂ ಸಂಬಳ ಬಾರದಿದ್ದರೆ, ರಾತ್ರಿ ಒಂಬತ್ತರವರೆಗೆ ಇದ್ದರೂ ‘ಭೇಷ್’ ಎಂಬ ಒಂದು ಮಾತು ಕೇಳಿಬರದಿದ್ದರೆ, ಅವನು ಗೋಡೆಯ ಮಾತನ್ನೇ ಸುಳ್ಳೆಂದು ತಿಳಿದಾನು. ಬುತ್ತಿ ಕಟ್ಟಿಕೊಡುವುದು ಪಯಣಕ್ಕೆ ಕಳುಹಿಸುವವರ ಹೊಣೆ. ಅದರ ಮೇಲೆ, ಸೇರಿದ ವರ್ಷದೊಳಗೆ ಅವನಿಗೆ ಚಿಕ್ಕದಾದರೂ ಒಂದು ಪೂರ್ಣವಾದ ಕೆಲಸವನ್ನು, ಅದರ ತಪ್ಪುಒಪ್ಪುಗಳೊಡನೆ, ಒಪ್ಪಿಸಿ ನೋಡಿರಿ. ಒಂದು ಊರಿನ ವಸೂಲಿಯಾಗಲಿ, ಒಂದು ಸರಕಿನ ಖರೀದಿಯಾಗಲಿ ಸಾಕು.

ಶಾಲೆಯಿಂದಲೂ ಆಗಬೇಕಾದ ಕಾರ್ಯವಿದೆ. ವಾಣಿಜ್ಯ ವಿಷಯವನ್ನು ಆರಿಸಿಕೊಂಡ ನಮ್ಮ ವಿದ್ಯಾರ್ಥಿಗಳು ಬೇಸಗೆಯ ರಜೆಯಲ್ಲಿ ಹದಿನೈದು ದಿನ ಹಳೆಯ ವಿದ್ಯಾರ್ಥಿಗಳ ಅಂಗಡಿ, ಗಿರಣಿ, ಸಹಕಾರಿ ಬ್ಯಾಂಕು, ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ಕುಳಿತು ನೋಡುವ ಏರ್ಪಾಡಾದರೆ, ಎಲೆಯ ಮುಂದೆ ಕುಳಿತು ಊಹಿಸುವುದು ತಪ್ಪಿ, ಒಂದು ತುತ್ತಿನ ರುಚಿಯಾದರೂ ಅವರಿಗೆ ತಿಳಿದೀತು. ಮೇಷ್ಟ್ರುಗಳು ಸರದಿಯ ಮೇಲೆ ಜೊತೆಗೆ ಹೋಗಿ ಬರಬಹುದು. ಹೋಗಿ ಬಂದ ಹುಡುಗನು ಕಂಡದ್ದನ್ನು ನಾಲ್ಕು ಪುಟ ಕನ್ನಡದಲ್ಲಿ ಬರೆದು ತೋರಿಸಿದರೆ ಅದನ್ನು ತಿದ್ದಿಕೊಡುವ ಹೊಣೆ ನನಗಿರಲಿ. ಒಬ್ಬಿಬ್ಬರು ಹುಡುಗರನ್ನು ಹೀಗೆ ಬರಮಾಡಿಕೊಳ್ಳಲು ಒಪ್ಪುವ ಮಹನೀಯರು ಯುಗಾದಿಯೊಳಗಾಗಿ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದು ತಮ್ಮ ಊರು, ವ್ಯಾಪಾರದ ವಿವರ, ಹುಡುಗರ ಊಟವಸತಿಯ ಅನುಕೂಲಗಳನ್ನು ತಿಳಿಸಿದರೆ, ಈ ಬೇಸಗೆಯಿಂದಲೇ ಆರಂಭಿಸಬಹುದು.