ಅಂಗೈಯೇ ತಟ್ಟೆ

ದಿಗಂಬರ ಜೈನ ಮುನಿಗಳನ್ನು ಮೊದಲ ಸಲ ಕಂಡವರ ಕಣ್ಣು ಅವರು ಬಟ್ಟೆ ಬಿಟ್ಟಿರುವುದರಲ್ಲೇ ನಿಂತುಬಿಡುತ್ತದೆ. ಸಹಜವೇ. ಆದರೆ ಮುನಿಗಳು ಪಾಲಿಸಬೇಕಾದ ಮೂಲಗುಣಗಳು 28. ಬಟ್ಟೆ ಬಿಡುವುದು ಅವುಗಳಲ್ಲಿ ಒಂದು, ಅಷ್ಟೆ. ಅಹಿಂಸೆ, ಸತ್ಯ, ಅಚೌರ್ಯ, ಬ್ರಹ್ಮಚರ್ಯ, ಅಪರಿಗ್ರಹ ಎಂಬ ಐದು ಮಹಾವ್ರತಗಳಿಂದ ಪಟ್ಟಿ ಶುರುವಾಗುತ್ತದೆ. ಅದನ್ನು ಬಾಯಿಪಾಠ ಮಾಡುವುದು ಬೇಡ. ಅವರ ಒಂದು ಹೊತ್ತಿನ ಊಟ ನೋಡೋಣ.

ಊಟ ಅನ್ನಬಾರದು, ಆಹಾರ ಅನ್ನಬೇಕು. ದಿನಕ್ಕೆ ಒಂದೇ ಹೊತ್ತು. ನೀರು ಕುಡಿಯುವುದೂ ಆಗಲೇ. ಮುನಿಗಳು ಬಸದಿಯಿಂದ ಮೌನವಾಗಿ ಹೊರಡುತ್ತಾರೆ. ಯಾರ ಮನೆಗೆಂದು ಮೊದಲೇ ಗೊತ್ತುಮಾಡುವಂತಿಲ್ಲ. ಶ್ರಾವಕರು, ಅಂದರೆ ಗೃಹಸ್ಥ ಜೈನರು, ಮಡಿಯುಟ್ಟು ಬಾಗಿಲಲ್ಲಿ ಕಲಶ ಹಿಡಿದು ನಿಂತು, ‘ನಮೋಸ್ತು, ಅತ್ರ ತಿಷ್ಠ ತಿಷ್ಠ’ (ನಮಸ್ಕಾರ, ಇಲ್ಲಿ ನಿಲ್ಲಿ) ಎಂದು ಕರೆಯುತ್ತಾರೆ. ಇಲ್ಲೊಂದು ಸ್ವಾರಸ್ಯವಿದೆ. ತೆಂಗಿನಕಾಯಿ ಹಿಡಿದವರು ಕಂಡರೆ ಮಾತ್ರ ನಿಲ್ಲುತ್ತೇನೆ ಎಂಬಂಥ ಸಂಕಲ್ಪವನ್ನು ಮುನಿಗಳು ಮನಸ್ಸಿನಲ್ಲೇ ಮಾಡಿಕೊಂಡಿರಬಹುದು. ಯಾರಿಗೂ ಹೇಳುವಂತಿಲ್ಲ. ಅಂಥವರು ಕಾಣದಿದ್ದರೆ ಅಂದು ಉಪವಾಸ.

ಆಹಾರ ತೆಗೆದುಕೊಳ್ಳುವುದು ನಿಂತೇ. ತಟ್ಟೆಯಿಲ್ಲ, ಜೋಡಿಸಿದ ಅಂಗೈಗೆ ಶ್ರಾವಕರು ಒಂದೊಂದೇ ತುತ್ತು ಇಡುತ್ತಾರೆ. ಮುನಿಗಳು ಅದನ್ನು ಬೆರಳಿನಿಂದ ಬಿಡಿಸಿ ನೋಡಿ ಬಾಯಿಗಿಡುತ್ತಾರೆ. ಕೂದಲೋ ಸತ್ತ ಇರುವೆಯೋ ಸಿಕ್ಕಿತೆಂದರೆ ‘ಅಂತರಾಯ’. ಆಹಾರ ಅಲ್ಲಿಗೆ ಮುಗಿಯಿತು, ಇನ್ನು ಹನಿ ನೀರೂ ನಾಳೆಗೇ. ಬಡಿಸುವವರ ಕೈ ನಡುಗುವುದು ಇದಕ್ಕೇ. ತಪ್ಪು ಮನೆಯವರದು, ಹಸಿವು ಮುನಿಗಳದು. ಆದರೂ ಮುಖದಲ್ಲಿ ಬೇಸರ ಕಾಣಕೂಡದು.

ಆಹಾರದಷ್ಟೇ ಕಠಿಣವಾದ ಇನ್ನೊಂದು ನಿಯಮವಿದೆ. ತಲೆ, ಗಡ್ಡಗಳ ಕೂದಲನ್ನು ಕೈಯಿಂದಲೇ ಕೀಳುವ ಕೇಶಲೋಚ 2ರಿಂದ 4 ತಿಂಗಳಿಗೊಮ್ಮೆ. ಇದನ್ನು ಬರೀ ದೇಹದಂಡನೆ ಎನ್ನುವವರುಂಟು. ನನಗದು ಅರ್ಧ ಮಾತೆನಿಸುತ್ತದೆ. ಕತ್ತರಿ ಇಟ್ಟುಕೊಂಡರೆ ಆಸ್ತಿ, ಕ್ಷೌರಿಕರನ್ನು ಕರೆದರೆ ಹಂಗು, ಹಾಗೇ ಬೆಳೆಯಬಿಟ್ಟರೆ ಹೇನು, ಹೇನಾದರೆ ಹಿಂಸೆ. ಉಳಿದದ್ದು ಕೈಯೊಂದೇ ತಾನೆ?

ಅವರ ಜೊತೆಗಿರುವುದು ಶೌಚದ ನೀರಿಗೆ ಕಮಂಡಲು, ಓದಲು ಶಾಸ್ತ್ರಗ್ರಂಥ, ಮತ್ತೆ ನವಿಲು ತಾನಾಗಿ ಉದುರಿಸಿದ ಗರಿಗಳ ಪಿಂಛಿ. ಗರಿ ಮೆತ್ತಗೆ, ಹಗುರ. ಕೂರುವ ಮುನ್ನ ನೆಲವನ್ನು ಸವರಿದರೆ ಇರುವೆಗೂ ನೋವಾಗುವುದಿಲ್ಲ.

ಕ್ಷೀಣಿಸಿದ್ದ ಈ ಮುನಿಪರಂಪರೆಗೆ 20ನೇ ಶತಮಾನದಲ್ಲಿ ಮರುಜೀವ ಕೊಟ್ಟ ಆಚಾರ್ಯ ಶಾಂತಿಸಾಗರರು ನಮ್ಮ ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದವರು. 1955ರಲ್ಲಿ ಮಹಾರಾಷ್ಟ್ರದ ಕುಂಥಲಗಿರಿಯಲ್ಲಿ ಸಲ್ಲೇಖನ ವ್ರತದಿಂದ, ಅಂದರೆ ಆಹಾರವನ್ನು ಹಂತಹಂತವಾಗಿ ತ್ಯಜಿಸಿ, ದೇಹ ಬಿಟ್ಟರು.

ಮುನಿಗಳ ಆಹಾರ ನೋಡಬೇಕೆನಿಸಿದರೆ ಚಾತುರ್ಮಾಸದಲ್ಲಿ ಹೋಗಿ. ಮಳೆಗಾಲದ ಆ ನಾಲ್ಕು ತಿಂಗಳು ಮುನಿಗಳು ಒಂದೇ ಊರಲ್ಲಿ ನೆಲೆಸಿರುತ್ತಾರೆ. ಬೆಳಗ್ಗೆಯೇ ಹೋಗಿ, ಚಪ್ಪಲಿ ದೂರ ಬಿಡಿ. ಆಹಾರ ಮುಗಿಯುವವರೆಗೆ ಮಾತಾಡಿಸಬೇಡಿ.